ಮನೆಗೆ ತಾಗಿದ ಮರ: ಓದುಗರ ಪ್ರಶ್ನೆ, ಮರ ಹತ್ತುವವನ ಉತ್ತರ

ಮೇ ಕೊನೆಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆಯವರಿಗೆ ಮರಗಳು ಕಣ್ಣಿಗೆ ಬೀಳುತ್ತವೆ. ಬೇಸಗೆಯಿಡೀ ನೆರಳು ಕೊಟ್ಟ ಮರ ಮೊದಲ ಗುಡುಗಿಗೆ ಹಂಚಿನ ಮೇಲೆ ಬೀಳಲಿರುವ ಮರವಾಗುತ್ತದೆ. ಮನೆ ಪಕ್ಕದ ಮರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಸಂಪಾದಕರು ಹೇಳಿದ್ದರು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತ ಹಗ್ಗ ಕಟ್ಟಿ ಮರ ಇಳಿಸುವುದು ನನ್ನ ಕಸುಬು. ಹತ್ತಲು ಕಲಿತದ್ದು ಅಡಿಕೆ ತೋಟದಲ್ಲಿ, ಕಾಲಿಗೆ ತಳೆ ಎಂಬ ಬಳೆ ಹಾಕಿಕೊಂಡು. ಹಗ್ಗ, ರಾಟೆ, ಸೊಂಟಪಟ್ಟಿಯ ಪಾಠ ಶಾರ್ಜಾದಲ್ಲಿ ತೋಟ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಆಯಿತು.

ಪ್ರಶ್ನೆ: ನಮ್ಮ ಹಂಚಿನ ಮನೆಯ ಹಿಂದೆ ಮಾವನವರ ಕಾಲದ ಹಲಸಿನ ಮರವಿದೆ. ಅಡುಗೆಮನೆಯಿಂದ ಹದಿನೈದು ಅಡಿ ದೂರ. ಮನೆ ಕಡೆಗೇ ವಾಲಿದೆ. ಹೋದ ಮಳೆಗಾಲದಿಂದ ಬುಡದಲ್ಲಿ ಗಟ್ಟಿ ಅಣಬೆ ಏಳುತ್ತಿದೆ. ಮರದ ವ್ಯಾಪಾರಿಯೊಬ್ಬರು ‘ಜೆಸಿಬಿಯಲ್ಲಿ ಎಳೆದು ಒಂದೇ ದಿನದಲ್ಲಿ ಕೆಡವುತ್ತೇನೆ, ಕೂಲಿ ಬೇಡ, ಮರ ನನಗೆ’ ಎನ್ನುತ್ತಾರೆ. ಇನ್ನೊಬ್ಬರು ತುಂಡು ತುಂಡಾಗಿ ಇಳಿಸಬೇಕು, ಮೂರು ದಿನ ಹಿಡಿಯುತ್ತದೆ ಎಂದು ದೊಡ್ಡ ಮೊತ್ತ ಹೇಳಿದ್ದಾರೆ. ಯಾರನ್ನು ನಂಬುವುದು? (ಗೃಹಿಣಿ, ಪೆರ್ಲ)

ಉತ್ತರ: ಅಕ್ಕ, ಇಬ್ಬರಲ್ಲಿ ಯಾರನ್ನು ನಂಬುವ ಮೊದಲೂ ನೀವೇ ಒಮ್ಮೆ ಬುಡಕ್ಕೆ ಹೋಗಿ ನೋಡಿ. ಮರ ವಾಲಿರುವುದೇ ಅಪಾಯದ ಗುರುತಲ್ಲ. ಬುಡ ಓರೆಯಾಗಿದ್ದು ತುದಿ ಮೇಲಕ್ಕೆ ನೆಟ್ಟಗಾಗಿದ್ದರೆ ಅದು ಹಳೆಯ ವಾಲು. ಮರ ಅದಕ್ಕೆ ಹೊಂದಿಕೊಂಡು ಬೆಳೆದಿರುತ್ತದೆ. ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ವಾಲಿದ್ದು, ಮನೆಯ ವಿರುದ್ಧ ಮಗ್ಗುಲಿನ ಮಣ್ಣು ಬಿರುಕು ಬಿಟ್ಟಿದ್ದರೆ ಅಥವಾ ಉಬ್ಬಿದ್ದರೆ ಬೇರು ಕೀಳಲು ಸುರುವಾಗಿದೆ ಎಂದರ್ಥ. ಹಾಗಿದ್ದರೆ ಇಂದಿನಿಂದಲೇ ಆ ಬದಿಯ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಮರದ ಮಾತು ಆಮೇಲೆ.

ಎರಡನೆಯದು ಅಣಬೆ. ತೊಗಟೆಗೆ ಅಂಟಿಕೊಂಡು ಬ್ರಾಕೆಟ್ ಹಾಗೆ ಹೊರಗೆ ಚಾಚಿದ ಗಟ್ಟಿ ಅಣಬೆ ಒಳಗಿನ ಕೊಳೆತದ ಕಾಯಿ. ಕೊಳೆತ ಅದಕ್ಕಿಂತ ವರ್ಷಗಳ ಮೊದಲೇ ಸುರುವಾಗಿರುತ್ತದೆ. ಮರದ ಸುತ್ತಿಗೆಯಲ್ಲಿ ಬುಡದ ಸುತ್ತ ಬಡಿಯುತ್ತ ಬಂದರೆ ಗಟ್ಟಿ ಭಾಗದ ಸದ್ದು ಬೇರೆ, ಪೊಳ್ಳಿನ ಸದ್ದು ಬೇರೆ, ಕಿವಿಗೇ ಗೊತ್ತಾಗುತ್ತದೆ. ಪೊಳ್ಳಾದ ಮರವೆಲ್ಲ ಬೀಳುವುದಿಲ್ಲ. ಸುತ್ತಲಿನ ಗಟ್ಟಿ ಗೋಡೆ ತ್ರಿಜ್ಯದ ಸುಮಾರು ಮೂರನೇ ಒಂದರಷ್ಟಾದರೂ ಉಳಿದಿರಬೇಕು ಎಂಬುದು ಕಸುಬಿನವರು ಬಳಸುವ ಲೆಕ್ಕ. ಜರ್ಮನಿಯ ಕ್ಲಾಸ್ ಮ್ಯಾಟೆಕ್ ಅದನ್ನು ಪ್ರಚಾರಕ್ಕೆ ತಂದವರು. 3 ಅಡಿ ದಪ್ಪದ ಮರವಾದರೆ ಸುತ್ತಲೂ 5–6 ಇಂಚು ಗಟ್ಟಿ ಇರಬೇಕು. ಒಂದು ಮಗ್ಗುಲು ಬಾಯಿ ಬಿಟ್ಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಕೊಳೆತ ಬೇರಿನಲ್ಲಿದ್ದರಂತೂ ಬುಡದ ಸದ್ದು ಏನೂ ಹೇಳುವುದಿಲ್ಲ.

ಇನ್ನು ಜೆಸಿಬಿ. ಮರ ಉರುಳಿಸುವುದಕ್ಕೆ ಒಂದು ಕ್ರಮವಿದೆ. ಬೀಳಬೇಕಾದ ಮಗ್ಗುಲಿಗೆ ಮರದ ದಪ್ಪದ ಕಾಲು ಭಾಗದಷ್ಟು ಬಾಯಿ ತೆಗೆಯುತ್ತೇವೆ. ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ದಪ್ಪದ ಹತ್ತನೇ ಒಂದರಷ್ಟು ಮರವನ್ನು ಕೊಯ್ಯದೆ ಉಳಿಸುತ್ತೇವೆ. ಬಾಗಿಲಿನ ಕೀಲಿನಂತೆ ಆ ಪಟ್ಟಿ ಮರವನ್ನು ಹಿಡಿದುಕೊಂಡು ನಿಧಾನ ಮಲಗಿಸುತ್ತದೆ. ನಿಮ್ಮ ಮರದ ಭಾರವೆಲ್ಲ ಮನೆ ಕಡೆಗಿದೆ. ವಿರುದ್ಧ ದಿಕ್ಕಿಗೆ ಎಳೆದು ಬೀಳಿಸಬೇಕಾದರೆ ಆ ಕೀಲು ಗಟ್ಟಿ ನಾರಿನದ್ದಾಗಿರಬೇಕು. ಕೊಳೆತ ಬುಡದಲ್ಲಿ ಅದು ಎಲ್ಲಿದೆ? ಕೀಲು ಹರಿದ ಕ್ಷಣ ಮರ ತನ್ನ ಭಾರ ಇದ್ದ ಕಡೆ, ಅಂದರೆ ನಿಮ್ಮ ಅಡುಗೆಮನೆಗೆ, ಬರುತ್ತದೆ. ಜೆಸಿಬಿಗೆ ಎಷ್ಟೇ ಬಲವಿರಲಿ, ಕೊನೆಗೆ ಎಳೆಯುವುದು ಹಗ್ಗ. ಹಗ್ಗ ಮರದ ಎತ್ತರಕ್ಕಿಂತ ಉದ್ದವಿಲ್ಲದಿದ್ದರೆ ಮರ ಬರುವುದು ಯಂತ್ರದ ಮೇಲೆ. ವಾಲಿದ ಮರವನ್ನು ಹಿಂದಿನಿಂದ ಸೀದಾ ಕೊಯ್ದರೆ ಇನ್ನೊಂದು ಕೇಡೂ ಇದೆ. ಅರ್ಧ ಕೊಯ್ಯುವಷ್ಟರಲ್ಲಿ ಕಾಂಡ ಉದ್ದುದ್ದ ಸೀಳಿ, ಸೀಳಿದ ಭಾಗ ಹಿಂದಕ್ಕೆ ಒದೆಯುತ್ತದೆ. ಮೆಷಿನ್ ಹಿಡಿದವನ ಎದೆ ಅಲ್ಲೇ ಇರುತ್ತದೆ. ಮರ ಕಡಿಯುವವರ ಲೋಕದಲ್ಲಿ ಅತಿ ಹೆಚ್ಚು ಹೆದರುವ ಅಪಘಾತಗಳಲ್ಲಿ ಇದು ಒಂದು.

ಹಾಗಾಗಿ ತುಂಡು ತುಂಡಾಗಿಯೇ ಇಳಿಸಬೇಕು. ಎರಡನೆಯವರು ಹೇಳಿದ ಮೊತ್ತ ಯಾಕೆ ದೊಡ್ಡದೆಂದು ಲೆಕ್ಕ ಹಾಕಿ ನೋಡಿ. ಹಸಿ ಹಲಸು ಒಂದು ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. 2 ಅಡಿ ದಪ್ಪ, 3 ಅಡಿ ಉದ್ದದ ತುಂಡೆಂದರೆ ಕಾಲು ಟನ್ನಿಗಿಂತ ಮೇಲೆ. ಅದನ್ನು ಮೇಲೆ ರಾಟೆಗೆ ಕಟ್ಟಿ ಕೆಳಗಿನಿಂದ ಹಿಡಿದಾಗ, ಒಂದು ಕಡೆ ತುಂಡಿನ ಭಾರ, ಇನ್ನೊಂದು ಕಡೆ ಹಿಡಿದ ಹಗ್ಗದ ಎಳೆತ, ಎರಡೂ ಸೇರಿ ರಾಟೆಯ ಮೇಲೆ ತುಂಡಿನ ಎರಡರಷ್ಟು ಭಾರ ಬೀಳುತ್ತದೆ. ತುಂಡು ಮೂರಡಿ ಬಿದ್ದು ಆಮೇಲೆ ಹಗ್ಗ ಬಿಗಿಯಾದರೆ ಆ ಝಟಕಿ ಇನ್ನೂ ಎಷ್ಟೋ ಪಾಲು ಹೆಚ್ಚು. ಹತ್ತಿದವನು ಸೊಂಟಪಟ್ಟಿ ಕಟ್ಟಿಕೊಂಡಿರುವುದೂ ಅದೇ ಮರಕ್ಕೆ. ಅದಕ್ಕೇ ತುಂಡು ಚಿಕ್ಕದಿರಬೇಕು. ಕೆಳಗಿನವನು ಹಗ್ಗವನ್ನು ಗಕ್ಕನೆ ಹಿಡಿಯದೆ, ಬುಡಕ್ಕೆ ಬಿಗಿದ ಡ್ರಮ್ಮಿಗೆ ಎರಡು ಮೂರು ಸುತ್ತು ಹಾಕಿ ಜಾರಿಸುತ್ತ ನಿಲ್ಲಿಸಬೇಕು. ನನ್ನ ಮಟ್ಟಿಗೆ ಮೇಲೆ ಹತ್ತುವವನಿಗಿಂತ ಕೆಳಗೆ ಹಗ್ಗ ಹಿಡಿಯುವವನ ಕೂಲಿ ಕಡಿಮೆಯಾಗಬಾರದು. ನಮ್ಮ ಊರಿನಲ್ಲಿ ಆ ಕೆಲಸಕ್ಕೆ ದಾರಿಯಲ್ಲಿ ಸಿಕ್ಕಿದವನನ್ನು ನಿಲ್ಲಿಸುತ್ತಾರೆ.

ಹಗ್ಗ ಯಾವುದೆಂದೂ ಕೇಳಿ. ಬಾವಿಗೆ ಬಳಸುವ ಹುರಿಹಗ್ಗ, ಲಾರಿಗೆ ಕಟ್ಟುವ ನೀಲಿ ಪ್ಲಾಸ್ಟಿಕ್ ಹಗ್ಗ ಈ ಕೆಲಸಕ್ಕಲ್ಲ. ಹೆಣೆದ ಪಾಲಿಯೆಸ್ಟರ್ ಹಗ್ಗ ಬೇಕು. ಹಗ್ಗ ತುಂಡಾಗುವ ಭಾರದ ಹತ್ತನೇ ಒಂದಕ್ಕಿಂತ ಹೆಚ್ಚು ಅದಕ್ಕೆ ಹೇರುವುದಿಲ್ಲ ಎನ್ನುವವರು ಕೆಲಸ ತಿಳಿದವರು.

ನಿಮ್ಮ ಮರದ ಬುಡ ತೀರ ಕೊಳೆತಿದ್ದರೆ ಆ ಮರ ಹತ್ತುವುದೇ ತಪ್ಪು. ಆಗ ಪಕ್ಕದ ಗಟ್ಟಿ ಮರಕ್ಕೆ ಹಗ್ಗ ಕಟ್ಟಿಕೊಂಡು ಕೆಲಸ ಮಾಡಬೇಕು. ಇಲ್ಲವೇ ಕ್ರೇನ್ ತರಿಸಬೇಕು. ಪೆರ್ಲದ ಕಡೆ ಒಳರಸ್ತೆಗಳಲ್ಲಿ ಕ್ರೇನ್ ತಿರುಗುವುದೇ ಕಷ್ಟ. ಅಂಗಳಕ್ಕೆ ಬಂದರೂ ಅದರ ಕಾಲು ಊರುವಲ್ಲಿ ಮುರಕಲ್ಲು (ಜಂಬಿಟ್ಟಿಗೆ) ಇದೆಯೋ ಹಳೆಯ ಶೌಚದ ಗುಂಡಿ ಇದೆಯೋ ಎಂದು ಮನೆಯವರೇ ಮೊದಲು ಹೇಳಬೇಕು. ಮಾಡಿನ ಅಂಚಿನ ನಾಲ್ಕಾರು ಸಾಲು ಹಂಚು ತೆಗೆದಿಡಿ. ಹಂಚು ಹೊರುವ ಪಕ್ಕಾಸಿಗೆ ಪೆಟ್ಟಾಗದಂತೆ ಹಲಗೆಯ ಮೇಲೆ ಹಳೆಯ ಟಯರು ಹಾಸಿದರೆ ಸಾಕು.

ವ್ಯಾಪಾರಿಗೆ ಬೇಕಾದದ್ದು ಉದ್ದದ ದಿಮ್ಮಿ. ಅದರಲ್ಲಿ ತಪ್ಪಿಲ್ಲ, ಆದರೆ ಅವರ ಲಾಭ ಇರುವುದು ಇಡೀ ಮರ ಒಮ್ಮೆಗೆ ಉರುಳುವುದರಲ್ಲಿ. ಮರ ಇಳಿಸುವ ಕೆಲಸವನ್ನೂ ಮರ ಮಾರುವುದನ್ನೂ ಬೇರೆ ಬೇರೆ ಮಾಡಿ. ಇಳಿಸಿದ ಮೇಲೆ ಆರೆಂಟು ಅಡಿಯ ದಿಮ್ಮಿಗಳಿಗೂ ಮಿಲ್ಲಿನಲ್ಲಿ ಬೆಲೆ ಇದೆ.

ಪ್ರಶ್ನೆ: ಮನೆ ಎದುರಿನ ಮಾವಿನ ಗೆಲ್ಲು ಕರೆಂಟಿನ ಲೈನಿಗೆ ತಾಗುತ್ತದೆ. ರಬ್ಬರ್ ಕೈಗವಸು ಹಾಕಿಕೊಂಡು ದೋಟಿಗೆ ಕತ್ತಿ ಕಟ್ಟಿ ಕಡಿಯಬಹುದೆಂದು ನೆರೆಯವರು ಹೇಳುತ್ತಾರೆ. (ಅಂಗಡಿ ವ್ಯಾಪಾರಿ, ಕುಂಬಳೆ)

ಉತ್ತರ: ಬೇಡ. ದೋಟಿ ಎಂದಿರಿ, ಯಾವ ದೋಟಿ? ಅಡಿಕೆ ಕೊಯ್ಯಲು ಈಗ ಮನೆಮನೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ಕೈಗೆ ಹಗುರ, ಕಪ್ಪಗೆ ಪ್ಲಾಸ್ಟಿಕ್ಕಿನಂತೆ ಕಾಣುವುದರಿಂದ ಜನ ಮೋಸಹೋಗುತ್ತಾರೆ. ಅಲ್ಯೂಮಿನಿಯಂ ದೋಟಿ, ಏಣಿಗಳದ್ದೂ ಅದೇ ಕತೆ. ಹಸಿ ಗೆಲ್ಲು, ಒದ್ದೆ ಹಗ್ಗ, ಒದ್ದೆ ಬಿದಿರು ಯಾವುದೂ ರಕ್ಷಣೆಯಲ್ಲ. 11 ಕೆವಿ ಲೈನಿನಲ್ಲಿ ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ತುರ್ತಿದ್ದರೆ 1912ಕ್ಕೆ ಫೋನ್ ಮಾಡಿ. ಲೈನ್ ಆಫ್ ಮಾಡಿ ಅರ್ಥ್ ಕೊಟ್ಟಿದ್ದೇವೆಂದು ಅವರ ಜನ ಸ್ಥಳದಲ್ಲೇ ನಿಂತು ಹೇಳಿದ ಮೇಲೆ ನಾನು ಹತ್ತುತ್ತೇನೆ. ‘ಈಗ ಕರೆಂಟಿಲ್ಲ, ಬೇಗ ಮುಗಿಸಿ’ ಎನ್ನುವ ಮನೆಯವರ ಮಾತಿಗೆ ಹತ್ತುವುದಿಲ್ಲ. ಕರೆಂಟು ಹೋದದ್ದು ಗೊತ್ತಾಗುತ್ತದೆ, ಬರುವುದು ಯಾವಾಗೆಂದು ಯಾರಿಗೆ ಗೊತ್ತು? ಪಕ್ಕದ ಮನೆಯ ಇನ್ವರ್ಟರ್, ಜನರೇಟರುಗಳಿಂದ ಲೈನಿಗೆ ಹಿಂದಿನಿಂದ ಕರೆಂಟು ಬರುವುದೂ ಉಂಟು.

ಪ್ರಶ್ನೆ: ತಾರಸಿಗೆ ತಾಗಿ ಒಂದು ತೆಂಗಿನ ಮರ ಸುಳಿ ಕೊಳೆತು ಸತ್ತಿದೆ. ಗರಿ ಎಲ್ಲ ಬಿದ್ದು ಒಂದು ವರ್ಷವಾಯಿತು. ಕಾಯಿ ಕೀಳಲು ಬರುವವರು ಹತ್ತಲು ಒಪ್ಪುತ್ತಿಲ್ಲ. ಹೆಚ್ಚು ಕೂಲಿ ಕೊಟ್ಟರೂ ಬೇಡ ಎನ್ನುತ್ತಾರೆ. (ನಿವೃತ್ತ ಅಧ್ಯಾಪಕರು, ನೀರ್ಚಾಲು)

ಉತ್ತರ: ಮೇಷ್ಟ್ರೇ, ಅವರು ಬುದ್ಧಿವಂತರು, ಒತ್ತಾಯಿಸಬೇಡಿ. ತೆಂಗಿನಲ್ಲಿ ಮಾವು ಹಲಸುಗಳಂತೆ ನಡುವೆ ಗಟ್ಟಿ ತಿರುಳು ಇಲ್ಲ. ಹೊರಸುತ್ತು ಗಟ್ಟಿ, ನಡುವೆ ಮೆದು. ಬುಡ ಗಟ್ಟಿ, ತುದಿಗೆ ಹೋದಂತೆ ಮೆದು. ಸತ್ತ ತೆಂಗಿನಲ್ಲಿ ಮೊದಲು ಕೊಳೆಯುವುದು ಆ ತುದಿಯೇ, ಹತ್ತಿದವನು ಸೊಂಟ ಕಟ್ಟಿಕೊಳ್ಳುವ ಜಾಗ. ಕಾಲಿಗೆ ತಳೆ ಇರಲಿ, ತೆಂಗು ಅಭಿವೃದ್ಧಿ ಮಂಡಳಿಯ ತರಬೇತಿಯಲ್ಲಿ ಕಲಿಸುವ ಹತ್ತುವ ಯಂತ್ರ ಇರಲಿ, ಎರಡಕ್ಕೂ ಕಾಂಡ ಜೀವಂತವಿರಬೇಕು.

ಒಂದು ಮಗ್ಗುಲಿಗೆ ಮರದ ಎತ್ತರದಷ್ಟು ಖಾಲಿ ಜಾಗವಿದ್ದರೆ ಬುಡದಿಂದಲೇ ಕೆಡವಬಹುದು. ಆದರೆ ತೆಂಗಿನ ನಾರು ದಿಕ್ಕು ಹಿಡಿದು ನಿಲ್ಲಿಸುವುದಿಲ್ಲ. ಮೇಲೆ ಹೇಳಿದ ಕೀಲು ಇಲ್ಲಿ ನಂಬಿಕೆಗೆ ಅರ್ಹವಲ್ಲ. ಕೊಯ್ಯಲು ಸುರುಮಾಡುವ ಮೊದಲೇ ಎತ್ತರದಲ್ಲಿ ಹಗ್ಗ ಕಟ್ಟಿ ಬಿಗಿ ಮಾಡಿರಬೇಕು, ಕೊನೆಯವರೆಗೂ ಸಡಿಲ ಬಿಡಬಾರದು. ಸಣ್ಣ ಭಾರ ಕಟ್ಟಿದ ದಾರ ಎಸೆದೋ ತಾರಸಿಯಿಂದ ದೋಟಿ ಚಾಚಿಯೋ ಹಗ್ಗ ಏರಿಸಬಹುದು, ಹತ್ತಬೇಕಿಲ್ಲ. ಜಾಗವಿಲ್ಲದಿದ್ದರೆ ಬುಟ್ಟಿಯಿರುವ ಲಿಫ್ಟ್ ಗಾಡಿ ಬಾಡಿಗೆಗೆ ತಂದು ಮೇಲಿನಿಂದ ಒಂದೊಂದೇ ಅಡಿ ಕೊಯ್ದು ಇಳಿಸುವುದು. ಕಾಂಡವನ್ನು ತೋಟದ ಬದಿಯಲ್ಲಿ ಕೊಳೆಯಲು ಬಿಡಬೇಡಿ. ಅದರಲ್ಲಿ ಕುರುವಾಯಿ ದುಂಬಿ ಮರಿ ಮಾಡಿ ಉಳಿದ ತೆಂಗುಗಳಿಗೆ ಬರುತ್ತದೆ.

ಪ್ರಶ್ನೆ: ಮನೆಗೂ ಬಾವಿಗೂ ನಡುವೆ ಗೋಳಿ ಮರ ಬೆಳೆದಿದೆ. ಬುಡದಲ್ಲಿ ತೂತು ಕೊರೆದು ಇಂಗು ತುಂಬಿಸಿದರೆ ತಾನಾಗಿ ಸಾಯುತ್ತದೆ, ಕಡಿದ ದೋಷವೂ ಇಲ್ಲ, ಖರ್ಚೂ ಇಲ್ಲ ಎನ್ನುತ್ತಾರೆ. (ಕೃಷಿಕರು, ಬಾಯಾರು)

ಉತ್ತರ: ಇಂಗಿಗೆ ಮರ ಸಾಯುತ್ತದೋ ಇಲ್ಲವೋ, ನನ್ನ ತಕರಾರು ಬೇರೆ. ಇಂಗೋ ಆಸಿಡ್ಡೋ ಹಾಕಿ ಮರ ಸತ್ತಿತೆಂದೇ ಇಟ್ಟುಕೊಳ್ಳಿ. ಆಗ ನಿಮ್ಮ ಮನೆ ಪಕ್ಕದಲ್ಲಿ ಸತ್ತ ಮರ ನಿಂತಿರುತ್ತದೆ. ಜೀವವಿರುವ ಮರದ ಗೆಲ್ಲು ಬಾಗುತ್ತದೆ, ಮುರಿಯುವ ಮೊದಲು ಸದ್ದು ಮಾಡುತ್ತದೆ, ನಾನು ಕಟ್ಟಿದ ರಾಟೆಯನ್ನು ತಾಳುತ್ತದೆ. ಸತ್ತು ಒಣಗಿದ ಗೆಲ್ಲು ಹೇಳದೆ ಕೇಳದೆ ಮುರಿಯುತ್ತದೆ. ಬದುಕಿದ್ದಾಗ ಎರಡು ದಿನದಲ್ಲಿ ಇಳಿಸಬಹುದಾದ ಮರಕ್ಕೆ ಸತ್ತ ಮೇಲೆ ಕ್ರೇನೇ ಬೇಕಾಗುತ್ತದೆ. ಈ ಪತ್ರಗಳಿಗೆಲ್ಲ ನಾನು ಹೇಳಬೇಕಾದದ್ದು ಒಂದೇ: ಮರ ತೆಗೆಸಬೇಕೆಂದು ನಿರ್ಧರಿಸಿದರೆ ಅದಕ್ಕೆ ಜೀವವಿರುವಾಗ ಕರೆಯಿರಿ, ಮಳೆ ಹಿಡಿಯುವ ಮೊದಲು ಕರೆಯಿರಿ. ಬಾವಿಯ ಪಕ್ಕ ವಿಷ ಸುರಿಯುವ ಮಾತು ಎತ್ತಲೇಬೇಡಿ, ಅದೇ ನೀರು ಕುಡಿಯುವವರು ನೀವು.

ದೋಷದ ಬಗ್ಗೆ ನಾನು ಹೇಳುವವನಲ್ಲ. ಕಟ್ಟೆ, ಬನಗಳ ಮರವಾದರೆ ಮನೆಯ ಹಿರಿಯರಲ್ಲಿ, ತಂತ್ರಿಗಳಲ್ಲಿ ಕೇಳಿಕೊಂಡೇ ಬನ್ನಿ. ಪ್ರಾರ್ಥನೆ ಮಾಡಿ ಬಂದ ಕೆಲಸದಲ್ಲಿ ಮನೆಯವರು ಅವಸರ ಮಾಡುವುದಿಲ್ಲ, ಅದು ನಮಗೂ ಒಳ್ಳೆಯದೇ.

ಪ್ರಶ್ನೆ: ಗಾಳಿಗೆ ಬೀಳದಂತೆ ಮರದ ತಲೆ ಕಡಿಸಿದರೆ ಸಾಕಲ್ಲವೇ? ಮಾವಿನ ಬೇರು ಕಾಂಪೌಂಡ್ ಗೋಡೆಗೂ ಬಂದಿದೆ, ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ಅಪಾಯವಿದೆಯೇ? (ಬ್ಯಾಂಕ್ ಉದ್ಯೋಗಿ, ಮಧೂರು)

ಉತ್ತರ: ತಲೆ ಕಡಿಸಿದರೆ ಒಂದೆರಡು ವರ್ಷ ಸಮಾಧಾನ. ಆಮೇಲೆ ಕಡಿದ ಮೊಂಡಿನ ಸುತ್ತ ಪೊದೆಯಂತೆ ಚಿಗುರು ಬಂದು ಉದ್ದವಾಗುತ್ತದೆ. ಅವು ತೊಗಟೆಯ ಹತ್ತಿರ ಮಾತ್ರ ಅಂಟಿಕೊಂಡಿರುತ್ತವೆ. ಒಳಗೆ ಮೊಂಡು ಕೊಳೆಯುತ್ತದೆ. ಮೇಲೆ ಭಾರ, ಕೆಳಗೆ ಪೊಳ್ಳು. ಭಾರ ಕಡಿಮೆ ಮಾಡಲೇಬೇಕಿದ್ದರೆ ಗೆಲ್ಲನ್ನು ನಡುವೆ ಮೊಂಡು ಮಾಡದೆ, ಅದರ ಮೂರನೇ ಒಂದರಷ್ಟಾದರೂ ದಪ್ಪವಿರುವ ಕವಲಿನ ತನಕ ಕೊಯ್ಯಬೇಕು. ಮುಂದೆ ಆ ಕವಲೇ ತುದಿಯಾಗುತ್ತದೆ.

ಪಂಚಾಂಗದ ಭಯ ನಮ್ಮಲ್ಲಿ ಅಷ್ಟಿಲ್ಲ. ವಿಜಯಪುರದ ಕಡೆಯ ಎರೆಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. ಅಲ್ಲಿ ಮರ ನೀರು ಹೀರಿದರೆ ಗೋಡೆಗೂ ತಿಳಿಯುತ್ತದೆ. ಮುರಕಲ್ಲು ಹಾಗಲ್ಲ. ಆದರೆ ಮುರಕಲ್ಲಿನ ಮೇಲೆ ಮಣ್ಣು ತೆಳು, ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡುತ್ತದೆ. ಕಾಂಪೌಂಡಿಗೆಂದು ಮರದ ಬದಿಯಲ್ಲೇ ಕಣಿ ತೋಡಿ ಒಂದು ಮಗ್ಗುಲಿನ ಬೇರೆಲ್ಲ ಕಡಿಯುತ್ತಾರೆ. ಮರ ಆ ವರ್ಷ ಬೀಳುವುದಿಲ್ಲ, ಎಲೆಯೂ ಹಸಿರಾಗಿರುತ್ತದೆ. ಮುಂದಿನ ಯಾವುದೋ ಮಳೆಗಾಲದಲ್ಲಿ ಬೀಳುತ್ತದೆ, ಆಗ ಎಲ್ಲರೂ ಗಾಳಿಯನ್ನು ಬೈಯುತ್ತಾರೆ. ಮನೆ ಕಟ್ಟಲು ಗುಡ್ಡೆ ಜರಿದು ಬರೆಯ (ಕಡಿದ ದಿಬ್ಬದ) ಅಂಚಿನಲ್ಲಿ ಮರ ಉಳಿಸಿಕೊಂಡವರೂ ಇದನ್ನು ಗಮನಿಸಬೇಕು. ಬೇರು ಕಡಿಯದೆ, ಅದರ ಮೇಲೆ ತೊಲೆ ಹಾಯಿಸಿ ಗೋಡೆ ಕಟ್ಟಬಹುದು.

ಪ್ರಶ್ನೆ: ನೆರೆಮನೆಯವರ ಮಾಂಜಿಯಂ ಮರ ನಮ್ಮ ದನದ ಹಟ್ಟಿಯ ಮೇಲೆ ವಾಲಿದೆ. ಎಷ್ಟು ಹೇಳಿದರೂ ಕಡಿಸುತ್ತಿಲ್ಲ. (ಹೈನುಗಾರರು, ಮುಳ್ಳೇರಿಯ)

ಉತ್ತರ: ಇನ್ನೊಮ್ಮೆ ಹೇಳಿ, ಈ ಸಲ ಖರ್ಚಿನಲ್ಲಿ ಪಾಲು ಕೊಡುತ್ತೇನೆಂದು ಹೇಳಿ ನೋಡಿ. ಬಹಳ ಜಗಳ ಅಲ್ಲೇ ಮುಗಿಯುತ್ತದೆ. ಆಗದಿದ್ದರೆ ಗ್ರಾಮ ಪಂಚಾಯತಿಗೆ ಬರೆದು ಕೊಡಿ. ಬೀಳುವಂತಿರುವ ಮರವನ್ನು ಕಡಿಯಲು ಅಥವಾ ಭದ್ರಪಡಿಸಲು ಮಾಲಕರಿಗೆ ನೋಟಿಸು ಕೊಡುವ ಅಧಿಕಾರ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ಅದಕ್ಕೂ ಜಗ್ಗದಿದ್ದರೆ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅವರಲ್ಲಿ ದೂರು ಕೊಡಬಹುದು. ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್ ಎನ್ನುತ್ತಿದ್ದುದು 2024 ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ಮರದ, ಹಟ್ಟಿಯ ಫೋಟೋ ತಾರೀಕು ಸಹಿತ ಲಗತ್ತಿಸಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಮಲಯಾಳದಲ್ಲಿ ಬರೆದು ತನ್ನಿ ಎಂದರೆ ಇದನ್ನು ನೆನಪಿಸಿ.

ನಿಮ್ಮ ಕಡೆ ಚಾಚಿದ ಗೆಲ್ಲುಗಳನ್ನು ಸಿಟ್ಟಿನಲ್ಲಿ ನೀವೇ ಕಡಿಸಬೇಡಿ. ಒಂದೇ ಮಗ್ಗುಲು ಬೋಳಿಸಿದರೆ ಮರದ ತೂಕ ತಪ್ಪುತ್ತದೆ. ಮಾಂಜಿಯಂಗೆ ಅನುಮತಿಯ ತೊಡಕಿಲ್ಲವೆಂದು ಎಲ್ಲ ಮರಕ್ಕೂ ಹಾಗೆ ಎಣಿಸಲೂ ಬೇಡಿ. ಚಂದನವನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಸರ್ಕಾರ ಪಟ್ಟಾ ಕೊಟ್ಟ ಜಾಗದ ತೇಗ, ಬೀಟಿಗಳನ್ನು ವಿಲೇಜ್ ಆಫೀಸಿನಲ್ಲೂ ಅರಣ್ಯ ಇಲಾಖೆಯಲ್ಲೂ ವಿಚಾರಿಸದೆ ಕಡಿಯಬೇಡಿ. 2020ರ ಅಕ್ಟೋಬರದ ಸರ್ಕಾರಿ ಆದೇಶವೊಂದನ್ನು ಹಿಡಿದು ವಯನಾಡಿನ ಮುಟ್ಟಿಲಿನಲ್ಲಿ ಬೀಟಿ ಕಡಿದದ್ದು ಎಷ್ಟು ದೊಡ್ಡ ಪ್ರಕರಣವಾಯಿತೆಂದು ಎಲ್ಲರೂ ಓದಿದ್ದೇವೆ. ಆ ಆದೇಶ 2021ರ ಫೆಬ್ರವರಿಯಲ್ಲಿ ರದ್ದಾಯಿತು.

ಪ್ರಶ್ನೆ: ಆನ್‌ಲೈನಿನಲ್ಲಿ ಬ್ಯಾಟರಿಯ ಸಣ್ಣ ಚೈನ್ ಸಾ ತರಿಸಿದ್ದೇನೆ. ಏಣಿ ಇಟ್ಟು ಗೆಲ್ಲು ಕೊಯ್ಯಬಹುದೇ? (ವಿದ್ಯಾರ್ಥಿ, ಮಂಜೇಶ್ವರ)

ಉತ್ತರ: ನೆಲದ ಮೇಲೆ ಬಿದ್ದ ಗೆಲ್ಲನ್ನು ಸೌದೆ ಮಾಡಿ ತಮ್ಮಾ, ಅದಕ್ಕೆ ಒಳ್ಳೆಯ ಮೆಷಿನ್. ಏಣಿಯ ಮೇಲೆ ಬೇಡ. ಕೊಯ್ದ ಗೆಲ್ಲು ತೂಗಿ ಬಂದು ಮೊದಲು ಹೊಡೆಯುವುದು ಏಣಿಗೆ. ಅಲಗಿನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಮೆಷಿನ್ ಮುಖದ ಕಡೆಗೆ ಚಿಮ್ಮುತ್ತದೆ. ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಮೆಷಿನ್ ಹಿಡಿದವನು ಅದನ್ನು ತಡೆಯಲಾರ. ಭುಜಕ್ಕಿಂತ ಎತ್ತರದಲ್ಲಿ ಕೊಯ್ಯುವುದು, ಒಬ್ಬನೇ ಇರುವಾಗ ಕೊಯ್ಯುವುದು, ಲುಂಗಿ ಉಟ್ಟು ಕೊಯ್ಯುವುದು, ಮೂರೂ ಬೇಡ. ಚೈನನ್ನು ಸಿಕ್ಕಿಸಿ ನಿಲ್ಲಿಸುವ ನಾರು ತುಂಬಿದ ಪ್ಯಾಂಟು ಸಿಗುತ್ತದೆ, ಮೆಷಿನ್ನಿಗಿಂತ ದುಬಾರಿಯೆಂದು ಯಾರೂ ಕೊಳ್ಳುವುದಿಲ್ಲ.

ಪ್ರಶ್ನೆ: ಕೆಲಸದವರನ್ನು ಆರಿಸುವಾಗ ಏನು ಕೇಳಬೇಕು? (ಗೃಹಿಣಿ, ಅಡೂರು)

ಉತ್ತರ: ಬಂದವರು ಮೊದಲು ಮೇಲೆ ನೋಡುತ್ತಾರೋ ಬುಡ ನೋಡುತ್ತಾರೋ ಗಮನಿಸಿ. ಮೇಲೆ ಹತ್ತಿದವನಿಗೆ ಏನಾದರೂ ಆದರೆ ಯಾರು ಹತ್ತಿ ಇಳಿಸುತ್ತಾರೆಂದು ಕೇಳಿ. ಕೆಳಗಿರುವವರಲ್ಲಿ ಇನ್ನೊಬ್ಬ ಹತ್ತಬಲ್ಲವನು ಇರಲೇಬೇಕು, ಅವನಿಗೂ ಸೊಂಟಪಟ್ಟಿ ಬೇಕು. ಕೊಯ್ಯುವಾಗ ಎರಡು ಕಡೆ ಕಟ್ಟಿಕೊಳ್ಳುತ್ತಾರೆಯೇ ಎಂದು ಕೇಳಿ, ಯಾಕೆಂದರೆ ತನ್ನದೇ ಹಗ್ಗವನ್ನು ತಾನೇ ಕೊಯ್ದುಕೊಂಡವರಿದ್ದಾರೆ. ಕೆಲಸದವರಿಗೆ ವಿಮೆ ಇದೆಯೇ, ಹಂಚು ಒಡೆದರೆ ಯಾರ ಲೆಕ್ಕ ಎಂಬುದನ್ನು ಮೊದಲೇ ಬರೆದಿಡಿ. ಹೆಜ್ಜೇನು, ಚಗಳಿ ಇರುವೆ ಇದ್ದರೆ ನೀವೂ ಮುಚ್ಚಿಡಬೇಡಿ. ಕೆಲಸದ ದಿನ ಅಂಗಳಕ್ಕೆ ಯಾರೂ ಬರಬಾರದು, ಮುಖ್ಯವಾಗಿ ಸಲಹೆ ಕೊಡುವ ನೆಂಟರು. ಇಡೀ ಮರ ಉರುಳಿಸುವುದಿದ್ದರೆ ಅದರ ಎತ್ತರದ ಎರಡರಷ್ಟು ದೂರದಲ್ಲಿರಿ.

ಪ್ರಶ್ನೆ: ಬಾವಿಕಟ್ಟೆಯ ಪಕ್ಕದ ಹಲಸು ಕಡಿಸಿ ಆಯಿತು. ಬುಡವನ್ನು ಜೆಸಿಬಿಯಲ್ಲಿ ಕೀಳಿಸಬೇಕೇ? (ಕೃಷಿಕರು, ಕುಂಬ್ಡಾಜೆ)

ಉತ್ತರ: ಬಾವಿಯ ಪಕ್ಕ ಬೇಡ. ಆ ಬೇರುಗಳು ಬಾವಿಯ ಅಂಚಿನ ಮಣ್ಣನ್ನು ಹಿಡಿದುಕೊಂಡಿವೆ. ಕಿತ್ತರೆ ಅಂಚು ಸಡಿಲಾಗುತ್ತದೆ, ಯಂತ್ರದ ಭಾರವೂ ಅಲ್ಲೇ ಬೀಳುತ್ತದೆ. ನೆಲಕ್ಕೆ ಸಮವಾಗಿ ಕೊಯ್ದು ಮಣ್ಣು ಮುಚ್ಚಿ. ಚಿಗುರಿದರೆ ಕತ್ತಿಯಲ್ಲಿ ಸವರಿ, ಆಡು ಸಾಕಿದ್ದರೆ ಅದಕ್ಕೆ ಹಾಕಿ.